ಚಾವಡಿಯ ಹಾಜರಿ, ಸಾಲಿಯ ಹಾಜರಿ

ಹಾಜರಿ ಎಂಬ ಮಾತು ನಮ್ಮ ಕೇರಿಗೆ ಸಾಲಿಯಿಂದ ಬಂದದ್ದಲ್ಲ, ಚಾವಡಿಯಿಂದ ಬಂದದ್ದು. ನಮ್ಮ ಹುಡುಗರ ಹೆಸರು ಮಾಸ್ತರನ ಪುಸ್ತಕ ಸೇರುವುದಕ್ಕೆ ಎಷ್ಟೋ ವರ್ಷ ಮೊದಲೇ ನಮ್ಮ ಮುತ್ಯಾಗಳ ಹೆಸರು ಪೊಲೀಸ್ ಪಾಟೀಲನ ಪುಸ್ತಕದಾಗ ಇತ್ತು. ಚಾವಡಿ ಮುಂದ ಕೈಕಟ್ಟಿ ನಿಂತು 'ಹಾಜರ ಅದೀನ್ರೀ ಯಪ್ಪಾ' ಅನ್ನಬೇಕು. ಅನ್ನದಿದ್ದವನು ಊರಾಗಿನ ಎಲ್ಲಾ ಕಳವಿಗೂ ಹೊಣೆಗಾರ. ಕಳವೇ ಆಗದಿದ್ದರೂ ಚಿಂತಿಲ್ಲ, ಗೈರುಹಾಜರಿಯೇ ಅಪರಾಧ.

ಗೆಳೆಯರೇ, ನಾವು ಬರೆಯಹೊರಟಿರುವುದು ಕಳ್ಳತನದ ಚರಿತ್ರೆಯನ್ನಲ್ಲ. ಕೈ ಚಾಚುವ ಮೊದಲೇ ಕಳ್ಳರಾದ ಮಕ್ಕಳ ಚರಿತ್ರೆಯನ್ನು. ಅದೂ ನಮ್ಮ ಕಾಲ ಕೆಳಗಿನ ಮಣ್ಣಿನದು. ಕೃಷ್ಣಾ, ದೂಧಗಂಗಾ, ವೇದಗಂಗಾ ಹರಿಯುವ ಈ ಸೀಮೆ ಇವತ್ತು ಬೆಳಗಾವಿ ಜಿಲ್ಲೆಯ ಒಂದು ಮೂಲೆ; ಕಬ್ಬು, ತಂಬಾಕು, ಸಕ್ಕರೆ ಕಾರಖಾನೆ, ಬೀಡಿಗಳ ಸೀಮೆ. ಸ್ವಾತಂತ್ರ್ಯದ ಮೊದಲು ಇದು ಹರಿದ ಕೌದಿಯ ಹಾಗೆ ಇತ್ತು. ಚಿಕ್ಕೋಡಿ ಮತ್ತು ಅಥಣಿ ತಾಲೂಕುಗಳು ಬ್ರಿಟಿಷರ ಮುಂಬಯಿ ಇಲಾಖೆಯವು. ನಿಪ್ಪಾಣಿ ಚಿಕ್ಕೋಡಿಯೊಳಗೇ ಇತ್ತು. ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ನಡುನಡುವೆ ಸಾಂಗಲಿ, ಮಿರಜ, ಕುರುಂದವಾಡದ ಪಟವರ್ಧನರ ತುಣುಕುಗಳು. ಒಂದು ಬದು ದಾಟಿದರೆ ಬೇರೆ ಸರಕಾರ, ಬೇರೆ ಕಾಯ್ದೆ. ಈ ಬದುವಿನ ಆಚೆ ಈಚೆ ಏನು ನಡೆಯಿತು ಎಂಬುದರಲ್ಲಿ ಇವತ್ತಿನ ರಿಮಾಂಡ್ ಹೋಮಿನ ಪ್ರಶ್ನೆಗೂ ಉತ್ತರವಿದೆ ಎಂದು ನಾವು ತಿಳಿದಿದ್ದೇವೆ.

1871ರಲ್ಲಿ ಬ್ರಿಟಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಮೊದಲು ಉತ್ತರ ಹಿಂದೂಸ್ಥಾನಕ್ಕೆ. ಆ ಕಾಯ್ದೆಯ ಹಿಂದಿನ ತರ್ಕ ಏನು ಗೊತ್ತೇ? ಈ ದೇಶದಲ್ಲಿ ಬಡಿಗನ ಮಗ ಬಡಿಗ, ನೇಕಾರನ ಮಗ ನೇಕಾರ. ಕಸುಬು ರಕ್ತದಲ್ಲೇ ಬರುತ್ತದೆ. ಹಾಗಾದರೆ ಕಳವನ್ನೇ ಕಸುಬು ಮಾಡಿಕೊಂಡ ಜಾತಿಗಳೂ ಇರಲೇಬೇಕು! ಇದು ಲಂಡನ್ನಿನಿಂದ ಬಂದ ಬುದ್ಧಿಯೇ? ಅಲ್ಲ. ಹುಟ್ಟಿನಿಂದ ಕರ್ಮ, ಕರ್ಮದಿಂದ ಹುಟ್ಟು ಎಂದು ಸಾವಿರಾರು ವರ್ಷ ಗಿಣಿಪಾಠ ಹೇಳಿಸಿದವರ ಮನೆಯಿಂದಲೇ ಬಿಳಿಯ ದೊರೆ ಅದನ್ನು ಕಡ ತಂದ. ಮನುವಿನ ಮಾತಿಗೆ ಖಾಕಿ ಅಂಗಿ ತೊಡಿಸಿದ, ಅಷ್ಟೇ.

1911ರಲ್ಲಿ ಹೊಸ ಕಾಯ್ದೆಯಾಗಿ ಅದು ದೇಶಕ್ಕೆಲ್ಲ ಹಬ್ಬಿತು, ಮುಂಬಯಿ ಇಲಾಖೆಗೂ ಬಂತು. ಹರಣಶಿಕಾರಿ, ಕೈಕಾಡಿ, ಛಪ್ಪರಬಂದ, ಗಂಟಿಚೋರ ಎಂದು ಒಂದೊಂದೇ ಜಾತಿಯನ್ನು ಪಟ್ಟಿಗೆ ಏರಿಸಿದರು. ಗಂಟಿಚೋರ! ಹೆಸರಿನೊಳಗೇ ಚೋರ ಇದ್ದಾನೆ. ಕೂಸಿಗೆ ತೊಟ್ಟಿಲಲ್ಲಿ ಇಡುವ ಹೆಸರು ಯಾವುದಾದರೇನು, ಊರು ಇಟ್ಟ ಹೆಸರಿನಲ್ಲೇ ಅದರ ತೀರ್ಪು ಬರೆದಾಗಿತ್ತು.

ದೊಡ್ಡವರಿಗೆ ಹಾಜರಿ, ಬೆರಳಚ್ಚು, ಪಾಸು. ಪಾಸಿಲ್ಲದೆ ಸೀಮೆ ದಾಟಿದರೆ ಸೆರೆ. ಇದನ್ನು ನಮ್ಮ ಓದುಗರು ಬಲ್ಲರು. ಆದರೆ ಅದೇ ಕಾಯ್ದೆಯ 17ನೇ ಕಲಮಿನ ಸುದ್ದಿಯನ್ನು ಯಾರೂ ಹೆಚ್ಚು ಎತ್ತುವುದಿಲ್ಲ. ಸೆಟ್ಲಮೆಂಟಿಗೆ ಸೇರಿಸಿದ ಬುಡಕಟ್ಟುಗಳ ಮಕ್ಕಳನ್ನು ತಾಯಿ ತಂದೆಯಿಂದ ಬೇರ್ಪಡಿಸಿ ಒಯ್ದು ಸುಧಾರಣಾ ಶಾಲೆಯಲ್ಲಿ ಇಡಲು ಸರಕಾರಕ್ಕೆ ಅಧಿಕಾರ ಕೊಟ್ಟ ಕಲಮು ಅದು. ಮಗು ಎಂದರೆ ಯಾರು? ಆರು ವರ್ಷ ಮೀರಿದ, ಹದಿನೆಂಟು ತುಂಬದ ಎಲ್ಲರೂ. ಮಗು ಏನು ಮಾಡಿರಬೇಕು? ಏನೂ ಮಾಡಿರಬೇಕಾಗಿಲ್ಲ. ಕೇಸು ಬೇಡ, ಸಾಕ್ಷಿ ಬೇಡ, ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲುವುದೂ ಬೇಡ. ಯಾವ ಹೊಟ್ಟೆಯಿಂದ ಬಂದಿತು ಎಂಬುದು ತಿಳಿದರೆ ಸಾಕು. ಊರಿನ ಉಳಿದ ಹುಡುಗನಿಗೆ 1897ರ ರಿಫಾರ್ಮೇಟರಿ ಶಾಲೆಗಳ ಕಾಯ್ದೆ ಇತ್ತು. ಹದಿನೈದರೊಳಗಿನ ಆ ಹುಡುಗನನ್ನು ಪುಣೆಯ ಯರವಡೆಯ ರಿಫಾರ್ಮೇಟರಿಗೆ ಕಳಿಸಬೇಕಾದರೆ ಮೊದಲು ಅವನ ಮೇಲೆ ಗುನ್ನೆ ಸಾಬೀತಾಗಬೇಕಿತ್ತು. ಗುಡಿಸಲ ಕೂಸಿಗೆ ಆ ಮರ್ಯಾದೆಯೂ ಇರಲಿಲ್ಲ.

ವಿಜಯಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಸೆಟ್ಲಮೆಂಟುಗಳು ಎದ್ದವು. ಆ ಊರುಗಳಲ್ಲಿ ಇವತ್ತಿಗೂ ಓಣಿಗೆ ಅದೇ ಹೆಸರು. ಇವುಗಳ ಮೇಲಧಿಕಾರಿ ಸ್ಟಾರ್ಟ್ ಎಂಬ ಐ.ಸಿ.ಎಸ್. ಸಾಹೇಬ. ಒಳಗೆ ಸಾಲಿ ಇತ್ತು, ಬಡಿಗತನ ಕಲಿಸುವ ವ್ಯವಸ್ಥೆ ಇತ್ತು, ದೊಡ್ಡವರನ್ನು ಗಿರಣಿಗೆ, ರೇಲ್ವೆ ಕಾರಖಾನೆಗೆ ದುಡಿಯಲು ಕಳಿಸುತ್ತಿದ್ದರು. ಅಲ್ಲಿ ಅಕ್ಷರ ಕಲಿತವರಿದ್ದಾರೆ, ನೌಕರಿ ಹಿಡಿದವರಿದ್ದಾರೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಾಲಿ ಬೇಕಾದರೆ ಮುಳ್ಳುತಂತಿಯ ಒಳಗೆ ಬಾ ಎಂದು ಬ್ರಾಹ್ಮಣರ ಓಣಿಯ ಹುಡುಗನಿಗೆ ಯಾವ ಸರಕಾರ ಹೇಳಿತು?

ಈಗ ಬದು ದಾಟಿ ರಾಯಬಾಗದ ಕಡೆ ಬರೋಣ. ಅಲ್ಲಿ ಸ್ವರ್ಗವೇನೂ ಇರಲಿಲ್ಲ. ಕೊಲ್ಲಾಪುರ ಸಂಸ್ಥಾನದಲ್ಲೂ ಮಹಾರ, ಮಾಂಗ, ರಾಮೋಶಿ, ಬೇರಡರಿಗೆ ಚಾವಡಿ ಹಾಜರಿ ಇತ್ತು. 1918ರಲ್ಲಿ ಶಾಹೂ ಮಹಾರಾಜರು ಅದನ್ನು ರದ್ದು ಮಾಡಿದರು. ಅದೇ ವರ್ಷ ಮಹಾರರ ವತನದ ಬಿಟ್ಟಿ ಚಾಕರಿಗೂ ಕೊಡಲಿ ಹಾಕಿದರು. ಅದಕ್ಕೆ ಒಂದು ವರ್ಷ ಮೊದಲು, 1917ರಲ್ಲಿ, ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮತ್ತು ಪುಕ್ಕಟೆ ಮಾಡಿದ್ದರು. ಕೊಲ್ಲಾಪುರದಲ್ಲಿ ಅಸ್ಪೃಶ್ಯ ಮಕ್ಕಳಿಗೆ ಬೋರ್ಡಿಂಗು 1908ರಿಂದಲೇ ಇತ್ತು. ಬೇರೆಡೆ ಪೊಲೀಸರು ನಾಯಿ ಬೆನ್ನಟ್ಟಿದಂತೆ ಬೆನ್ನಟ್ಟುತ್ತಿದ್ದ ಫಾಸೆಪಾರ್ದಿಗಳನ್ನು ಕರೆದು ತಮ್ಮ ಚಾಕರಿಯಲ್ಲೇ ಕಾವಲಿಗೆ ಇಟ್ಟುಕೊಂಡರು. ಕಳ್ಳನೆಂದು ಹೆಸರಾದವನ ಕೈಗೆ ಅರಮನೆಯ ಕಾವಲು!

ಅರಸೊತ್ತಿಗೆಯನ್ನು ಹೊಗಳುವ ಚಟ ನಮಗಿಲ್ಲ. ಆದರೂ ಈ ಸಂಗತಿಯನ್ನು ತೂಗಿ ನೋಡಬೇಕು. ಹಾಜರಿ ತೆಗೆ, ಸಾಲಿ ಕೊಡು, ಕೂಲಿ ಕೊಡು: ಈ ಮೂರು ಕೆಲಸ ಬೇಲಿ ಇಲ್ಲದೆಯೂ ಆಗುತ್ತವೆ ಎಂದು ಕೊಲ್ಲಾಪುರ ಮಾಡಿ ತೋರಿಸಿತು. ಕೃಷ್ಣೆಯ ಆಚೆ ಅಥಣಿಯಲ್ಲಿ, ಪಶ್ಚಿಮಕ್ಕೆ ಚಿಕ್ಕೋಡಿಯಲ್ಲಿ ಬ್ರಿಟಿಷರ ಕಾಯ್ದೆ ಇನ್ನೂ ಮೂವತ್ತು ವರ್ಷ ಬದುಕಿತ್ತು. ಮಕ್ಕಳನ್ನು ಸೆರೆಯಲ್ಲಿಡದೆ ಬೇರೆ ಹಾದಿ ಹುಡುಕಬೇಕು ಎಂದು ಇವತ್ತು ಸೆಮಿನಾರುಗಳಲ್ಲಿ ದೊಡ್ಡ ದೊಡ್ಡ ಮಾತು ಕೇಳುತ್ತೇವಲ್ಲ, ಆ ಹಾದಿ ರಾಯಬಾಗದ ಹೊಲದೊಳಗೆ ನೂರು ವರ್ಷದ ಹಿಂದೆಯೇ ಬಿದ್ದಿತ್ತು.

1924ನೇ ಇಸವಿಯನ್ನು ನಮ್ಮ ಓದುಗರು ನೆನಪಿಡಬೇಕು. ಆ ಒಂದೇ ವರ್ಷದಲ್ಲಿ ಮಕ್ಕಳ ಪಾಲಿಗೆ ಎರಡು ಕಾಯ್ದೆಗಳು ಹುಟ್ಟಿದವು. ಒಂದು, ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಹೊಸ ಆವೃತ್ತಿ. ಅದೇ 17ನೇ ಕಲಮು, ಅದೇ ಆರರಿಂದ ಹದಿನೆಂಟು. ಇನ್ನೊಂದು, ಮುಂಬಯಿ ಮಕ್ಕಳ ಕಾಯ್ದೆ. ಇದರ ಹಿಂದೆ 1919-20ರ ಹಿಂದೂಸ್ಥಾನದ ಜೈಲುಗಳ ಕಮಿಟಿ ಇತ್ತು. ಎಳೆಯ ಮಕ್ಕಳನ್ನು ಜೈಲಿಗೆ ಹಾಕಬೇಡಿ, ಅವರಿಗೆ ಬೇರೆ ನ್ಯಾಯಾಲಯ ಮಾಡಿ ಎಂದು ಆ ಕಮಿಟಿ ಹೇಳಿತ್ತು. ಮಕ್ಕಳ ಕಾಯ್ದೆ ಅದಕ್ಕೆ ತಕ್ಕಂತೆ ಮಾತಾಡಿತು: ಬುದ್ಧಿ ಹೇಳಿ ಬಿಡಿ, ತಾಯಿ ತಂದೆಗೆ ಒಪ್ಪಿಸಿ, ಮೇಲ್ವಿಚಾರಣೆಯಲ್ಲಿ ಇಡಿ. ಎಷ್ಟು ಚಂದದ ಮಾತುಗಳು! ಆದರೆ ಅವು ಮೊದಲು ಜಾರಿಯಾದದ್ದು 1927ರಲ್ಲಿ, ಮುಂಬಯಿ ಶಹರದಲ್ಲಿ. ಜಿಲ್ಲೆಗಳಿಗೆ ಬರಬೇಕಾದರೆ ಸರಕಾರ ಊರೂರಿಗೆ ಬೇರೆ ಬೇರೆ ಆಜ್ಞೆ ಹೊರಡಿಸಬೇಕಿತ್ತು. ಕ್ರೂರ ಕಾಯ್ದೆ ಗುಡಿಸಲು ಗುಡಿಸಲಿಗೆ ನಡೆದು ಹೋಯಿತು. ಕರುಣೆಯ ಕಾಯ್ದೆ ಮುಂಬಯಿಯ ಸ್ಟೇಷನ್ನಿನಲ್ಲಿ ಟಿಕೀಟಿಗೆ ಕಾಯುತ್ತಾ ಕೂತಿತು.

ಇನ್ನೊಂದು ವಿಚಿತ್ರ. ಮಕ್ಕಳ ಕಾಯ್ದೆಯಲ್ಲಿ ಹದಿನಾರು ದಾಟಿದವನು ಹುಡುಗನಲ್ಲ, ರಿಯಾಯತಿ ಮುಗಿಯಿತು. ಬುಡಕಟ್ಟುಗಳ ಕಾಯ್ದೆಯಲ್ಲಿ ಮಾತ್ರ ಹದಿನೆಂಟರವರೆಗೆ ಮಗು. ಕ್ಷಮಿಸುವಾಗ ಬಾಲ್ಯ ಗಿಡ್ಡ, ಕಸಿದುಕೊಳ್ಳುವಾಗ ಬಾಲ್ಯ ಉದ್ದ.

ಮರುವರ್ಷ, 1925ರ ಏಪ್ರಿಲ್‌ನಲ್ಲಿ, ನಿಪ್ಪಾಣಿಯಲ್ಲಿ ಮುಂಬಯಿ ಇಲಾಖೆಯ ಬಹಿಷ್ಕೃತರ ಪರಿಷತ್ತು ಸೇರಿತು. ಬಾಬಾಸಾಹೇಬರು ಬಂದರು. ಮುಂದೆ 1928ರಲ್ಲಿ ಮುಂಬಯಿ ಸರಕಾರ ಅಸ್ಪೃಶ್ಯರ ಮತ್ತು ಗುಡ್ಡಗಾಡು ಜನರ ಸ್ಥಿತಿ ನೋಡಲು ಒಂದು ಕಮಿಟಿ ಮಾಡಿತು. ಅದರ ಅಧ್ಯಕ್ಷ ಯಾರು? ಸೆಟ್ಲಮೆಂಟುಗಳ ಅದೇ ಸ್ಟಾರ್ಟ್ ಸಾಹೇಬ. ಸದಸ್ಯರಲ್ಲಿ ಅಂಬೇಡ್ಕರ್ ಇದ್ದರು. 1930ರ ಆ ವರದಿಯ ಬೆನ್ನಿಗೆ ಹಿಂದುಳಿದ ವರ್ಗಗಳ ಇಲಾಖೆ ಬಂತು, ಅದಕ್ಕೂ ಸ್ಟಾರ್ಟ್ ಸಾಹೇಬನೇ ಅಧಿಕಾರಿ. ಒಂದು ಕಿಡಕಿಯಿಂದ ಸ್ಕಾಲರ್‌ಶಿಪ್ಪು, ಇನ್ನೊಂದು ಕಿಡಕಿಯಿಂದ ಹಾಜರಿ. ಹಾಸ್ಟೆಲ್ಲಿನ ಅನ್ನ ಉಂಡು ಡಿಗ್ರಿ ಮುಗಿಸಿದ ನಮಗೆ ಈ ಮಾತು ಬರೆಯುವಾಗ ಗಂಟಲು ಕಟ್ಟುತ್ತದೆ. ನಮ್ಮ ಅನ್ನದ ತಟ್ಟೆಗೂ ಅವರ ಬೇಲಿಗೂ ಒಂದೇ ಕಚೇರಿಯ ಮೊಹರು ಇತ್ತು. 1948ರಲ್ಲಿ ಬಾಬಾಸಾಹೇಬರು ಅಸ್ಪೃಶ್ಯರ ಮೂಲದ ಬಗ್ಗೆ ಪುಸ್ತಕ ಬರೆದಾಗ, ಅಸ್ಪೃಶ್ಯರು, ಆದಿವಾಸಿಗಳು, ಅಪರಾಧಿ ಬುಡಕಟ್ಟುಗಳು ಮೂವರನ್ನೂ ಒಂದೇ ಹಿಂದೂ ನಾಗರಿಕತೆಯ ಫಲವೆಂದು ಮುನ್ನುಡಿಯಲ್ಲೇ ಒಟ್ಟಿಗೆ ನಿಲ್ಲಿಸಿದರು. ನಮ್ಮ ಚಳವಳಿ ಆ ಮೂರನೆಯವರನ್ನು ಎಷ್ಟು ಸಲ ಮರೆತಿದೆ ಎಂದು ನಾವೇ ಕೇಳಿಕೊಳ್ಳಬೇಕು.

ಮುಂಬಯಿ ಪ್ರಾಂತ 1949ರಲ್ಲಿ ಆ ಕಾಯ್ದೆಯನ್ನು ತೆಗೆಯಿತು. ಅದೇ ವರ್ಷ ಕೊಲ್ಲಾಪುರ ಸಂಸ್ಥಾನ ವಿಲೀನವಾಗಿ ರಾಯಬಾಗ ಬೆಳಗಾವಿ ಜಿಲ್ಲೆ ಸೇರಿತು. 1952ರ ಆಗಸ್ಟ್ 31ರಂದು ದೇಶದಲ್ಲೆಲ್ಲ ಕಾಯ್ದೆ ಸತ್ತಿತು, ಜನ ವಿಮುಕ್ತರಾದರು. ಸತ್ತದ್ದು ಕಾಯ್ದೆ, ಪುಸ್ತಕವಲ್ಲ. ರೂಢಿಗತ ಅಪರಾಧಿಗಳ ಕಾಯ್ದೆ ಎಂಬ ಹೊಸ ಹೊದಿಕೆ ಸಿಕ್ಕಿತು, ಮೈಸೂರು ರಾಜ್ಯದಲ್ಲಿ ಅದು 1961ರಲ್ಲಿ ಬಂತು. ಮರಾಠಿಯ ಲಕ್ಷ್ಮಣ ಗಾಯಕವಾಡರು 1987ರಲ್ಲಿ 'ಉಚಲ್ಯಾ' ಬರೆದಾಗ ವಿಮುಕ್ತಿಯಾಗಿ ಮೂವತ್ತೈದು ವರ್ಷ ಕಳೆದಿತ್ತು, ಗುಡಿಸಲಿನ ಮುಂದೆ ಪೊಲೀಸ್ ಜೀಪು ನಿಲ್ಲುವುದು ತಪ್ಪಿರಲಿಲ್ಲ.

ಮಕ್ಕಳ ಕಾಯ್ದೆಯಾದರೂ ನಮ್ಮವರಿಗೆ ಮುಟ್ಟಿತೇ? ಮುಟ್ಟಿತು, ತಲೆಕೆಳಗಾಗಿ. 1986ರಲ್ಲಿ ಶೀಲಾ ಬಾರ್ಸೆಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮಕ್ಕಳನ್ನು ಜೈಲಿನಲ್ಲಿಡಬೇಡಿ ಎಂದು ಹೇಳಿತು. ಆ ವರ್ಷವೇ ಇಡೀ ದೇಶಕ್ಕೆ ಬಾಲ ನ್ಯಾಯ ಕಾಯ್ದೆ ಬಂತು. ಅದರಲ್ಲಿ ಸರಕಾರ ಹಿಡಿದು ತರಬಹುದಾದ 'ನಿರ್ಲಕ್ಷಿತ' ಮಗು ಯಾರು ಎಂದು ನೋಡಿರಿ. ಭಿಕ್ಷೆ ಬೇಡುವ ಮಗು. ನೆಲೆಯಾದ ಮನೆ ಇಲ್ಲದ, ಗತಿಯಿಲ್ಲದ ಮಗು. ವೇಶ್ಯೆಯ ಜೊತೆ ಬದುಕುವ ಮಗು. ಅಲ್ರೀ, ಇದು ಯಾರ ವರ್ಣನೆ? ಟೆಂಟು ಹೊತ್ತು ತಿರುಗುವ ಅಲೆಮಾರಿಯ ಕೂಸು, ಹಲಗೆ ಬಡಿದು ಕಾಳು ಬೇಡುವವನ ಕೂಸು, ಅಥಣಿ ರಾಯಬಾಗದ ಕೇರಿಗಳಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಿಯ ಕೂಸು. ಜಾತಿಯ ಹೆಸರು ಒಂದೂ ಇಲ್ಲ, ಆದರೂ ಕೇರಿಯ ಚಿತ್ರ ಬರೆದಿಟ್ಟಂತಿದೆ. ದೇವದಾಸಿ ಬಿಡುವುದನ್ನು ನಿಷೇಧಿಸಿದ ಕಾಯ್ದೆ 1982ರದು. ಬಿಡಿಸಿಕೊಂಡವರ ಹೊಲ, ಮನೆ, ದೇವರು ಎಲ್ಲ ಸುಖವಾಗಿದ್ದವು. ಕಾಯ್ದೆಯ ಕಣ್ಣು ಬಿದ್ದದ್ದು ತಾಯಿಯ ಮೇಲೆ, ಮಗುವಿನ ಮೇಲೆ.

ಇಲ್ಲೂ ಬೇರೆ ಹಾದಿ ಹಾಕಿದವರು ನಮ್ಮ ಸೀಮೆಯವರೇ. ಅಥಣಿಯಲ್ಲಿ ವಕೀಲ ಬಿ.ಎಲ್. ಪಾಟೀಲರು ಕಟ್ಟಿದ ವಿಮೋಚನಾ ಸಂಘ ದೇವದಾಸಿಯರ ಮಕ್ಕಳಿಗೆಂದು ವಸತಿ ಶಾಲೆ ನಡೆಸಿತು. ಅದು ಇದ್ದದ್ದು ಮಕ್ಕಳ ತಾಲೂಕಿನೊಳಗೇ. ಮಗುವನ್ನು ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸದೆ ಮಗ್ಗಿ ಪಾಠದ ಸಾಲಿನಲ್ಲಿ ನಿಲ್ಲಿಸಿತು. ಒಂದೇ ಬಗೆಯ ಕೋಣೆ, ಒಂದೇ ಬಗೆಯ ಊಟವಿರಬಹುದು. ಬಾಲಮಂದಿರಕ್ಕೂ ಹಾಸ್ಟೆಲ್ಲಿಗೂ ಇರುವ ಅಂತರ ಬಾಗಿಲ ಚಿಲಕ ಯಾವ ಕಡೆ ಇದೆ ಎಂಬುದರಲ್ಲಿದೆ.

ಈಗ ನಮ್ಮ ಮುಂದಿರುವುದು 2015ರ ಬಾಲ ನ್ಯಾಯ ಕಾಯ್ದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದನ್ನು ಬೇಡುವುದು ಕಷ್ಟ. ಸಂಸ್ಥೆಗೆ ಹಾಕುವುದು ಕಟ್ಟಕಡೆಯ ಉಪಾಯ ಎಂದು ಅದರ ಮೂಲತತ್ವ. ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ತಾಸಿನೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ತಪ್ಪು ಸಾಬೀತಾದರೂ ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಸಮುದಾಯ ಸೇವೆ ಹಚ್ಚಬಹುದು, ಸನ್ನಡತೆಯ ಪರೀಕ್ಷೆಯ ಮೇಲೆ ತಂದೆ ತಾಯಿಗೆ ಒಪ್ಪಿಸಬಹುದು. 12ನೇ ಕಲಮಿನ ಪ್ರಕಾರ ಗುನ್ನೆ ಯಾವುದೇ ಇರಲಿ, ಜಾಮೀನುದಾರ ಇರಲಿ ಬಿಡಲಿ, ಮಗುವಿಗೆ ಜಾಮೀನು ಸಿಗಬೇಕು.

ಆದರೆ ಆ ಕಲಮಿಗೆ ಒಂದು ಬಾಲವಿದೆ. ಬಿಟ್ಟರೆ ಮಗು 'ಗೊತ್ತಿರುವ ಅಪರಾಧಿ'ಯ ಸಹವಾಸಕ್ಕೆ ಬೀಳುತ್ತದೆ ಎಂದು ಕಂಡರೆ ಬಿಡಬೇಕಾಗಿಲ್ಲ. ಈ ಮಾತಿನ ಹುಟ್ಟೂರು 1908ರ ಇಂಗ್ಲೆಂಡಿನ ಮಕ್ಕಳ ಕಾಯ್ದೆ. ಅಪರಾಧಿಯೆಂದು ಹೆಸರಾದವನ ಸಹವಾಸ ಎಂದು ಅಲ್ಲಿತ್ತು. ಲಂಡನ್ನಿನಲ್ಲಿ ಹಾಗೆ ಹೆಸರಾದವನು ಒಬ್ಬ ಮನುಷ್ಯ, ಯಾವುದೋ ಓಣಿಯ ಪುಂಡ. ಹಡಗು ಇಳಿದು ಇಲ್ಲಿಗೆ ಬಂದ ಕೂಡಲೇ ಅದೇ ಮಾತಿಗೆ ಇಡೀ ಜಾತಿ ಸಿಕ್ಕಿತು. ಹರಣಶಿಕಾರಿ ಹುಡುಗನ ಮಟ್ಟಿಗೆ ಗೊತ್ತಿರುವ ಅಪರಾಧಿ ಯಾರು? ಠಾಣೆಯ ಪುಸ್ತಕದಲ್ಲಿ ಹೆಸರಿರುವ ಅವನ ಅಪ್ಪ. ಅಪ್ಪನ ಹೆಸರು ಯಾಕಿದೆ? ಅವನ ಅಪ್ಪನ ಹೆಸರಿತ್ತು, ಅದಕ್ಕೆ. ಹೀಗೆ ಮನೆಯೇ ಕೆಟ್ಟ ಸಹವಾಸವಾಗುತ್ತದೆ. 1924ರ 17ನೇ ಕಲಮು ಹಿತ್ತಲ ಬಾಗಿಲಿಂದ ಒಳಗೆ ಬಂದು ಕೂಡುತ್ತದೆ.

ಹೊಳೆ ದಂಡೆಯ ಪಂಪಿನ ಕೇಬಲ್ ಕಳುವಾದರೆ ಮೊದಲು ಹುಡುಕುವುದು ಎಲ್ಲಿ ಎಂದು ನಮ್ಮ ಸೀಮೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗಿನವರ ಕೊಪ್ಪೆಗಳು, ಊರ ಹೊರಗಿನ ಟೆಂಟುಗಳು. 'ಏ ತಮ್ಮಾ, ಬಾ ಇಲ್ಲೆ' ಎಂದು ಕರೆಯುವ ದನಿ ಅಲ್ಲಿ ಬೇರೆ, ಗೌಡರ ಓಣಿಯಲ್ಲಿ ಬೇರೆ. ಅದೇ ಕೇಬಲ್ಲನ್ನು ಊರ ದೊಡ್ಡವರ ಮಗ ಕದ್ದರೆ ಅದು ಹುಡುಗಾಟ. ನಾಲ್ಕು ಮಂದಿ ಹಿರಿಯರು ಕೂಡಿ ಪಂಚಾಯಿತಿ ಮಾಡಿ ಮುಗಿಸುತ್ತಾರೆ. ನೋಡಿದರೆ ಸೆರೆಗೆ ಪರ್ಯಾಯ ಎಂಬುದು ಹಳ್ಳಿಯಲ್ಲಿ ಯಾವತ್ತಿನಿಂದಲೂ ಇದೆ. ಅದು ಮೀಸಲು.

ದೂರದ ಅಮೆರಿಕೆಯಲ್ಲಿ ಕರಿಯರ ಮಕ್ಕಳ ಕಥೆಯೂ ಇದೇ. ನಮ್ಮ ಅಣ್ಣಂದಿರು ಅಲ್ಲಿಯ ಪ್ಯಾಂಥರುಗಳ ಹೆಸರನ್ನು 1972ರಲ್ಲಿ ಮುಂಬಯಿಗೆ ತಂದರು. ಅಲ್ಲಿಯ ಲೆಕ್ಕದ ಪುಸ್ತಕವನ್ನೂ ತರಬೇಕಿತ್ತು. 1970ರ ದಶಕದ ಮೊದಲಲ್ಲಿ ಮ್ಯಾಸಚುಸೆಟ್ಸ್ ರಾಜ್ಯದಲ್ಲಿ ಜೆರೋಮ್ ಮಿಲ್ಲರ್ ಎಂಬ ಅಧಿಕಾರಿ ಮಕ್ಕಳ ದೊಡ್ಡ ಸೆರೆಶಾಲೆಗಳಿಗೆ ಬೀಗ ಹಾಕಿಸಿದ. 1988ರಲ್ಲಿ ಅಲ್ಲಿಯ ಕೇಂದ್ರ ಕಾಯ್ದೆ ಒಂದು ಷರತ್ತು ಹಾಕಿತು: ಸೆರೆಯಲ್ಲಿರುವ ಮಕ್ಕಳಲ್ಲಿ ಅಲ್ಪಸಂಖ್ಯಾತ ಜನಾಂಗದವರ ಪಾಲು ಅವರ ಜನಸಂಖ್ಯೆಗಿಂತ ಹೆಚ್ಚಿದ್ದರೆ ರಾಜ್ಯಗಳು ಅದಕ್ಕೆ ಕ್ರಮ ತೆಗೆದುಕೊಳ್ಳಬೇಕು. ಶಿಕಾಗೋದಲ್ಲಿ 1990ರ ದಶಕದಲ್ಲಿ ಸಂಜೆ ಕೇಂದ್ರಗಳನ್ನು ತೆರೆದರು. ವಿಚಾರಣೆಗೆ ಕಾದಿರುವ ಹುಡುಗ ಸಾಲಿ ಬಿಟ್ಟ ಮೇಲೆ ಅಲ್ಲಿಗೆ ಬರುತ್ತಾನೆ, ಓದುತ್ತಾನೆ, ಆಡುತ್ತಾನೆ, ಉಂಡು ರಾತ್ರಿ ಮನೆಗೆ ಹೋಗುತ್ತಾನೆ. ಸೆರೆಯಲ್ಲಿರುವ ಮಕ್ಕಳ ಸಂಖ್ಯೆ ಇಳಿಯಿತು. ಆದರೆ ಇಳಿದ ಮೇಲೂ ಒಳಗೆ ಉಳಿದವರಲ್ಲಿ ಕರಿಯರ ಪಾಲು ಇಳಿಯಲಿಲ್ಲ. ಬಾಗಿಲು ತೆರೆದಾಗ ಮೊದಲು ಹೊರಬಂದವರು ಬಿಳಿಯರ ಮಕ್ಕಳು. 1924ರ ನಮ್ಮ ಎರಡು ಕಾಯ್ದೆಗಳ ಕಥೆಯೇ ಅಲ್ಲವೇ ಇದು? ಲೆಕ್ಕ ಇಟ್ಟದ್ದರಿಂದ ಅವರಿಗೆ ಅದು ಕಂಡಿತು, ಜಗಳ ಮಾಡಲು ಅಂಕಿ ಸಿಕ್ಕಿತು. ನಮ್ಮಲ್ಲಿ ಪ್ರತಿವರ್ಷ ಬರುವ ಅಪರಾಧ ವರದಿಯಲ್ಲಿ ಹಿಡಿದು ತಂದ ಮಕ್ಕಳು ಎಷ್ಟು ಓದಿದ್ದಾರೆ, ಯಾರ ಜೊತೆ ಇದ್ದರು ಎಂಬ ಕೋಷ್ಟಕವಿದೆ. ಯಾವ ಜಾತಿಯವರು ಎಂಬ ಕೋಷ್ಟಕವಿಲ್ಲ. ಹಿಡಿಯುವಾಗ ಜಾತಿ ಬೇಕು, ಎಣಿಸುವಾಗ ಬೇಡ.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಸುಕನ್ಯಾ ಶಾಂತಾ ಮೊಕದ್ದಮೆಯಲ್ಲಿ ಜೈಲುಗಳೊಳಗಿನ ಜಾತಿ ಭೇದವನ್ನು ಸಂವಿಧಾನಬಾಹಿರ ಎಂದಿತು. ವಿಮುಕ್ತ ಜನರನ್ನು ಹುಟ್ಟಿನ ಮೇಲೆ ರೂಢಿಗತ ಅಪರಾಧಿಗಳೆಂದು ನೋಡುವುದನ್ನು ಖಂಡಿಸಿತು, ಅವರನ್ನು ಬೇಕಾಬಿಟ್ಟಿ ಬಂಧಿಸಬೇಡಿ ಎಂದು ಪೊಲೀಸರಿಗೂ ಹೇಳಿತು. ಆ ತೀರ್ಪನ್ನು ಮಕ್ಕಳ ಜಾಮೀನಿನ ಕಲಮಿಗೆ ಎಳೆದು ತರುವುದು ನಮ್ಮ ಕೆಲಸ. ಠಾಣೆಯ ಪುಸ್ತಕದಲ್ಲಿ ಅಪ್ಪನ ಹೆಸರಿದೆ ಎಂಬ ಒಂದೇ ಕಾರಣಕ್ಕೆ ಮಗನನ್ನು ಒಳಗಿಡಕೂಡದು ಎಂದು ಮಂಡಳಿಯ ಮುಂದೆ ಪಟ್ಟು ಹಿಡಿಯಬೇಕು.

ಮಂಡಳಿ ಕೂಡುವುದು ಬೆಳಗಾವಿಯಲ್ಲಿ. ಅಥಣಿಯಿಂದ, ಕಾಗವಾಡದಿಂದ ನೂರು ಕಿಲೋಮೀಟರಿಗೂ ಮೇಲೆ. ಕಬ್ಬು ಕಡಿಯುವ ತಾಯಿಗೆ ಒಂದು ತಾರೀಖು ಎಂದರೆ ಒಂದು ದಿನದ ಪಗಾರ ಹೋಗಿ, ಬಸ್ಸಿನ ರೊಕ್ಕ ಬೇರೆ. ಎರಡು ತಾರೀಖಿಗೆ ಆಕೆ ಬರದಿದ್ದರೆ 'ಪಾಲಕರಿಗೆ ಕಾಳಜಿ ಇಲ್ಲ' ಎಂದು ಕಡತದಲ್ಲಿ ಬರೆಯುವುದು ಎಷ್ಟು ಸುಲಭ! ಚಿಕ್ಕೋಡಿ ಜಿಲ್ಲೆಯಾಗಲಿ ಎಂದು ಧರಣಿ ಕೂಡುವ ಮುಖಂಡರು ಇದನ್ನೂ ಒಂದು ಮಾತು ಕೇಳಲಿ: ಮಂಡಳಿ ತಿಂಗಳಿಗೊಮ್ಮೆಯಾದರೂ ಚಿಕ್ಕೋಡಿಯಲ್ಲಿ, ಅಥಣಿಯಲ್ಲಿ ಕೂಡಲಿ. ಮಂಡಳಿ ಕೂಡದ ದಿನ ಮಗುವನ್ನು ಒಬ್ಬನೇ ಸದಸ್ಯನ ಮುಂದೆ ಹಾಜರುಪಡಿಸಲೂ ಕಾಯ್ದೆಯ 7ನೇ ಕಲಮು ಅವಕಾಶ ಕೊಟ್ಟಿದೆ.

ಹಳ್ಳಿಯ ಮಾಸ್ತರರಿಗೆ, ಅಕ್ಕೋರಿಗೆ ಒಂದು ವಿನಂತಿ. ಮಗುವಿನ ಬಗ್ಗೆ ಮಂಡಳಿಗೆ ಹೋಗುವ ಸಾಮಾಜಿಕ ವರದಿಯಲ್ಲಿ ಸಾಲಿಯ ವಿಚಾರ ಕೇಳುತ್ತಾರೆ. 'ಈ ಹುಡುಗ ನನ್ನ ತರಗತಿಯಾಗ ಇದ್ದಾನ, ಇಷ್ಟು ದಿನ ಬಂದಾನ, ಮತ್ತ ಬರತಾನ' ಎಂದು ಸಹಿ ಮಾಡಿ ಕೊಡಿ. ಯಾರೂ ಕೇಳದಿದ್ದರೂ ಕೊಡಿ. ವಕೀಲರ ಫೀ ಎಲ್ಲಿಂದ ತರುವುದು ಎಂದು ಕೈಚೆಲ್ಲಿ ಕೂತ ತಾಯಂದಿರಿಗೆ ಇಷ್ಟು ತಿಳಿಸಿ: 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಮಕ್ಕಳಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಪುಕ್ಕಟೆ ವಕೀಲ ಸಿಗಬೇಕು, ಆದಾಯ ಎಷ್ಟೇ ಇರಲಿ. ಅರ್ಜಿ ಕೊಡುವುದು ತಾಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ. ಬರೆಯಲು ಬಾರದವರಿಗೆ ಬರೆದುಕೊಡಿ.